ನಳಿಗೆಯ ಮೇಲೊಂದು ದಿರ್ಹಮ್

ಒಂಬತ್ತು ತಿಂಗಳು ಕಾಗದವೇ ಗುರಿ.
ಶಾಲೆಯ ಪತ್ರ, ಅಪ್ಪನ ಒಪ್ಪಿಗೆ, ಅಪ್ಪನ ಕಂಪನಿಯ ಒಪ್ಪಿಗೆ,
ಬಿಳಿ ಹಿನ್ನೆಲೆಯ ಫೋಟೊ ಎರಡು:
ಕಿವಿ ಕಾಣಬೇಕು, ನಗಬಾರದು.
ಮೊಹರು ಒಂದು ಚೂರು ಎಡಕ್ಕೆ ಬಿತ್ತೆಂದು
ಇಡೀ ಕಟ್ಟು ವಾಪಸ್ಸು.
ಹತ್ತು ಮೀಟರ್ ದೂರದ ಗುರಿಗೆ
ರಾಸ್ ಅಲ್ ಖೈಮಾದ ಎಷ್ಟು ಕಚೇರಿ ಸುತ್ತಿತೋ ನನ್ನ ಹಳದಿ ಬಸ್ಸು,
ಡೀಸೆಲ್ ಚೀಟಿಗಳನ್ನು ಕೇಳಿ.

ಅಲ್ಲಿಯವರೆಗೆ ಕೆಡೆಟ್ಟುಗಳಿಗೆ ಬಂದೂಕೆಂದರೆ
ಉಗ್ರಾಣದ ಕಸಬರಿಕೆ ಕೋಲು.
ಹವಾಲ್ದಾರ ಶಿದರಾಯಿ ಬಡಿಗೇರ, ಪಿಂಚಣಿಯ ಮನುಷ್ಯ,
ಹಗಲು ಶಾಲೆಯ ಗೇಟು ಕಾಯುತ್ತಾನೆ, ಸಂಜೆ ಇವರನ್ನು.
ಹೆಸರಿನ ಕಸುಬು ಬಿಟ್ಟಿಲ್ಲ,
ಕೋಲಿನ ತುದಿ ಚಪ್ಪಟೆ ಹೆರೆದು
ಅದರ ಮೇಲೊಂದು ದಿರ್ಹಮ್ ಇಟ್ಟು:
‘ನಾಣ್ಯದಾಗ ಕಾಫಿ ಹೂಜಿ ಐತಿ, ನೋಡ್ರಿ.
ಬಟ್ಟ ಒತ್ತಿದ್ರ ಹನಿ ಚೆಲ್ಲಬಾರ್ದು.
ಉಸಿರು ಕಟ್ಟಬ್ಯಾಡ್ರಿ. ಅರ್ಧ ಬಿಡ್ರಿ,
ಉಳಿದರ್ಧದಾಗ ನಿಲ್ರಿ.’
ಬಾಯಲ್ಲಿ ‘ಠೋ’ ಅಂದವರಿಗೆ ಮೈದಾನ ಎರಡು ಸುತ್ತು.

ಸಿಮೆಂಟಿನ ಮೇಲೆ ಖಣ್, ಖಣ್, ಮತ್ತೆ ಖಣ್.
ಲವಿಟಾ ಕ್ರಾಸ್ತಾಳ ಕೋಲಿನಿಂದ ಮಾತ್ರ
ಆ ಸದ್ದು ಬರಲಿಲ್ಲ.
ನೀರಿನ ಟ್ಯಾಂಕರ್ ಹಿಮ್ಮುಖ ಹೋಗುತ್ತ ಅರಚಿತು,
ನೊಣವೊಂದು ಮೂಗಿನ ಮೇಲೆ ಕೂತು
ಬೇಸರವಾಗಿ ಎದ್ದು ಹೋಯಿತು.

ಆ ಶನಿವಾರ ಆರೂವರೆಗೇ ಹೊರಟೆವು.
ಬೋಳು ಬೆಟ್ಟದ ಬುಡ, ಮೇಕೆ ನಾಲ್ಕು,
ಕಿಟಕಿಯಿಲ್ಲದ ಉದ್ದ ಕಟ್ಟಡ,
ಒಳಗೆ ಐಸಿನಂಥ ಏಸಿ.
ಆರು ರೈಫಲ್. ಪಟ್ಟಿಯಲ್ಲಿ ಹದಿನೆಂಟು ಹೆಸರು.
ಮಕ್ಕಳು ಹತ್ತೊಂಬತ್ತು.
ಮೇಜಿನ ಹಿಂದಿನ ಖುಲೂದ್ ಎರಡು ಸಲ ಓದಿದಳು,
ಮೂರನೆಯ ಸಲ ಓದಲಿಲ್ಲ.
ಹುಡುಗಿಯ ಕಾರ್ಡಿನ ತಾರೀಖು ಮಂಗಳವಾರವೇ ಮುಗಿದಿತ್ತು.
ಅಪ್ಪನ ಕಂಪನಿಗೆ ಬೀಗ ಬಿದ್ದದ್ದನ್ನು
ಅವಳು ಯಾರಿಗೂ ಹೇಳಿರಲಿಲ್ಲ.
ಬಡಿಗೇರ ಹಿಂದಿಯಲ್ಲಿ ಬೇಡಿದ, ಅರೆಬರೆ ಅರಬಿಯಲ್ಲಿ ಬೇಡಿದ,
ಕೊನೆಗೆ ತನ್ನ ಬಿಜಾಪುರದ ಕನ್ನಡದಲ್ಲೇ.
ಖುಲೂದ್ ನಿಯಮ ಬರೆದವಳಲ್ಲ.
ಕುರ್ಚಿ ತಂದಳು, ಕಿವಿಗೆ ಮುಚ್ಚಳ ಕೊಟ್ಟಳು,
ಗಾಜಿನ ಈಚೆ ಕೂರಿಸಿದಳು, ಪೆನ್ನೂ ಕೊಟ್ಟಳು.

ಬಂದೂಕೆಂದರೆ ಸಿಟ್ಟು ಅಂದುಕೊಂಡಿದ್ದವನು ನಾನು.
ಇಲ್ಲಿ ಹಪ್ಪಳ ಮುರಿದಷ್ಟೇ ಸದ್ದು,
ಕಡಲೆಯಷ್ಟೂ ಇಲ್ಲದ ಸೀಸ.
ಝಿಯಾನ್ ಕೋಲಾನ ಮೊದಲ ಗುಂಡು
ಪಕ್ಕದವನ ಕಾಗದಕ್ಕೆ ಬಿದ್ದು
ಪಕ್ಕದವನಿಗೆ ಪುಕ್ಕಟೆ ಒಂಬತ್ತು.
ಎಲ್ಲರೂ ನಕ್ಕರು, ಲವಿಟಾ ಕೂಡ,
ನಗುತ್ತಲೇ ಬರೆದುಕೊಂಡಳು.
ಯಾರ ಮೊಣಕೈ ಯಾವಾಗ ನಡುಗುತ್ತದೆಂದು
ಗುಂಡಿಗಿಂತ ಮೊದಲೇ ಅವಳ ಪೆನ್ನಿಗೆ ಗೊತ್ತಿತ್ತು.

ವಾಪಸ್ಸು ಬರುವಾಗ
ತೂತು ಬಿದ್ದ ಕಾಗದಗಳನ್ನು ಬಿಸಿಲಿಗೆ ಹಿಡಿದು
ಹದಿನೆಂಟು ಮುಖಕ್ಕೂ ಬೆಳಕಿನ ಚುಕ್ಕಿ.
ಅವಳು ಮೂರನೇ ಸೀಟಿನಲ್ಲಿ
ಅದೇ ಕೋಲು, ಅದೇ ದಿರ್ಹಮ್.
ನನ್ನ ಕನ್ನಡಿಗೆ ತೂಗುಬಿಟ್ಟ
ನಿಂಬೆ ವಾಸನೆಯ ಕಾಗದದ ಮರಕ್ಕೆ ಗುರಿ.
ಯಾರೂ ಏನೂ ಅನ್ನಲಿಲ್ಲ. ಬಡಿಗೇರ ಹೊರಗೆ ನೋಡುತ್ತಿದ್ದ.

ಈ ರಸ್ತೆಯಲ್ಲಿ ಹದಿನಾಲ್ಕು ಹಂಪು.
ಇಪ್ಪತ್ತೆರಡು ವರ್ಷ ಅವುಗಳ ಮೇಲೆ
ಮಕ್ಕಳ ಟಿಫಿನ್ ಡಬ್ಬಿ ಕುಣಿಸಿದವನು ನಾನು.
ಅಂದು ಪ್ರತಿಯೊಂದಕ್ಕೂ
ಅರ್ಧ ಉಸಿರು ಬಿಟ್ಟೆ, ಉಳಿದರ್ಧದಲ್ಲಿ
ಮುಂದಿನ ಚಕ್ರ ಹತ್ತಿಸಿದೆ, ಹಿಂದಿನದನ್ನು ಇಳಿಸಿದೆ.
ಹಿಂದೆ ಕಲ್ಲಿನ ಲಾರಿ ಹಾರ್ನ್ ಹೊಡೆದೂ ಹೊಡೆದೂ
ಬೈದು ಮುಂದೆ ಹೋಯಿತು. ಹೋಗಲಿ.

ನಖೀಲ್‌ನ ದರ್ಜಿ ಅಂಗಡಿಯೆದುರು ಇಳಿಯುವಾಗ
ಕೋಲನ್ನು ಹವಾಲ್ದಾರನಿಗೆ ಕೊಟ್ಟಳು,
ನಾಣ್ಯವನ್ನೂ. ಮೆಟ್ಟಿಲ ಮೇಲೆ ನಿಂತು
ಅಂಕದ ಹಾಳೆ ತಿರುಗಿಸಿ ನನಗೆ ಹೇಳಿದಳು:
‘ಮಾಮ್, ನಿಮಗೆ ಒಂಬತ್ತು.
ಪೆಟ್ರೋಲ್ ಬಂಕಿನ ಹತ್ತಿರ ಒಮ್ಮೆ ಅಲುಗಿತು.’